ಕಾರವಾರದ ಹಿತ್ತಿಲಲ್ಲಿ ದೋಣಿ ಕಟ್ಟಿ ಭಟ್ಕಳದವರೆಗೆ ಹೋಗೋದು ಹೆಂಗೆ

ದೋಣಿ ಕಟ್ಟೋ ಮುಂಚೆ ಒಂದು ಕೆಲಸ ಮಾಡಿ. ಎರಡು ಗೋಣಿಚೀಲಕ್ಕೆ ಒಟ್ಟು 75 ಕೆಜಿ ಆಗೋಷ್ಟು ಮರಳು ತುಂಬಿ, ಹಳೇ ಟಾರ್ಪಾಲಿನ ಮೇಲಿಟ್ಟು, ಪೂರ್ತಿ ಇಳಿತ ಇರೋ ಹೊತ್ತಲ್ಲಿ ದೇವಬಾಗ ಬೀಚಿನ ನೀರಂಚಿಂದ ಗಾಳಿಮರದ ಬುಡದವರೆಗೆ ಎಳ್ಕೊಂಡು ಬನ್ನಿ. ಒಬ್ರೇ. ಆಮೇಲೆ ಮರಳು ಅಲ್ಲೇ ಸುರಿದು ಮನೆಗೆ ಹೋಗಿ ಮಲಗಿ, ಮರುದಿನ ಸೊಂಟ ಹೆಂಗಿದೆ ನೋಡ್ಕೊಂಡು ಎಷ್ಟು ಉದ್ದದ ದೋಣಿ ಬೇಕು ಅಂತ ತೀರ್ಮಾನ ಮಾಡಿ. ನಾನು ಅರ್ಧ ದಾರಿಗೇ ಕೂತ್ಬಿಟ್ಟೆ. ತಲೇಲಿ 18 ಅಡಿ ದೋಣಿ ಇತ್ತು, ಅವತ್ತೇ 14 ಅಡಿಗೆ ಇಳೀತು.

ಇದು ನನ್ನ ತಲೆಯಿಂದ ಬಂದ ಐಡಿಯಾ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಎವರ್‌ಗ್ಲೇಡ್ಸ್ ಚಾಲೆಂಜ್ ಅಂತ ಒಂದು ರೇಸ್ ಇದೆ, 2001ರಿಂದ ನಡೀತಿದೆ, ಸುಮಾರು 300 ಮೈಲಿ, ಎಂಟು ದಿನದೊಳಗೆ ಮುಗಿಸ್ಬೇಕು. ಕಯಾಕ್, ಕೆನೂ, ಹಾಯಿ ಹಾಕಿದ ಸಣ್ಣ ದೋಣಿ ಎಲ್ಲಾ ಬರ್ತವೆ, ಸುಮಾರು ಜನರದ್ದು ಮನೇಲೇ ಕಟ್ಟಿದ್ದು. ಅದರಲ್ಲಿ ಒಂದು ರೂಲ್ಸು ನಂಗೆ ಭಾರೀ ಇಷ್ಟ. ಶುರುವಾಗೋವಾಗ ದೋಣಿ ಭರತದ ಗೆರೆಗಿಂತ ಮೇಲೆ ಮರಳಲ್ಲಿ ಇರ್ಬೇಕು, ಅಲ್ಲಿಂದ ನೀರಿಗೆ ಅದರಲ್ಲಿ ಹೋಗುವವರೇ ಇಳಿಸ್ಬೇಕು, ಬೇರೆಯವರು ಕೈ ಹಚ್ಚೋ ಹಾಗಿಲ್ಲ. ಎಳೀಲಿಕ್ಕೆ ಆಗದ ದೋಣಿ ಅಲ್ಲೇ ಔಟ್. ಇನ್ನೊಂದು ರೇಸ್ ಟು ಅಲಾಸ್ಕಾ, 2015ರಲ್ಲಿ ಶುರುವಾದದ್ದು, 750 ಮೈಲಿ, ಇಂಜಿನ್ ಹಾಕೋ ಹಾಗಿಲ್ಲ, ಫಸ್ಟ್ ಬಂದವರಿಗೆ 10 ಸಾವಿರ ಡಾಲರ್, ಸೆಕೆಂಡ್ ಬಂದವರಿಗೆ ಮಾಂಸ ಕೊಯ್ಯೋ ಚಾಕುಗಳ ಸೆಟ್ಟು. ತಮಾಷೆ ಅಲ್ಲ, ನಿಜವಾಗ್ಲೂ ಅಷ್ಟೇ.

ನಮ್ಮಲ್ಲಿ ಅಂಥ ರೇಸ್ ಇಲ್ಲದಿದ್ರೆ ಏನಾಯ್ತು, ಕರಾವಳಿ ಇದೆ. ಕಾರವಾರದಿಂದ ದಕ್ಷಿಣಕ್ಕಿರೋ ಬೇಲೇಕೇರಿಯಿಂದ (ಕಾರವಾರದಿಂದಲೇ ಯಾಕಲ್ಲ ಅಂತ ಮುಂದೆ ಹೇಳ್ತೀನಿ) ಭಟ್ಕಳಕ್ಕೆ ಸಮುದ್ರದ ಮೇಲೆ 90 ಕಿಲೋಮೀಟರ್ ಹತ್ರ ಆಗ್ತದೆ, ನಾಲ್ಕು ದಿನದ ದಾರಿ, ಮಧ್ಯ ದಿನಕ್ಕೊಂದು ಅಳಿವೆ, ಅಂದ್ರೆ ಹೊಳೆ ಸಮುದ್ರ ಸೇರೋ ಬಾಯಿ, ಅಥವಾ ಬೀಚು ಸಿಗ್ತದೆ. ಒಂದು ಸಣ್ಣ ದೋಣಿಗೆ ಇದಕ್ಕಿಂತ ಒಳ್ಳೇ ದಾರಿ ಬೇಕಾ?

ಈಗ ಕಟ್ಟೋ ವಿಷಯ. ಹೊಸಬರಿಗೆ ನಾನು ಹೇಳೋದು ಪ್ಲೈವುಡ್ ಹೊಲಿದು ಅಂಟಿಸೋ ವಿಧಾನ. ಇಂಗ್ಲಿಷ್‌ನಲ್ಲಿ ಸ್ಟಿಚ್ ಆಂಡ್ ಗ್ಲೂ ಅಂತಾರೆ, 1963ರ ಆಸುಪಾಸು ಇಂಗ್ಲೆಂಡಿನಲ್ಲಿ ಮಿರರ್ ಡಿಂಗಿ ಅನ್ನೋ ಪುಟ್ಟ ದೋಣಿಯಿಂದ ಜನರಿಗೆ ಗೊತ್ತಾಯ್ತು, ಕೆಂಪು ಹಾಯಿಯದ್ದು. ಹಲಗೆ ಕೊಯ್ದು, ಅಂಚಲ್ಲಿ ತೂತು ಹೊಡೆದು, ತಂತಿ ಹಾಕಿ ಹೊಲಿದ್ರೆ ಅದೇ ದೋಣಿ ಆಕಾರಕ್ಕೆ ಬರ್ತದೆ. ಇದನ್ನ ಬೈತಖೋಲ್ ಬಂದರದ ಹಿರಿಯರಿಗೆ ಹೇಳಿದ್ರೆ ನಗಾಡ್ತಾರೆ, ಯಾಕಂದ್ರೆ ಈ ಕರಾವಳಿಯಲ್ಲಿ ರಾಂಪಣಿ ಬಲೆ ಬಿಡೋ ದೊಡ್ಡ ದೋಣಿಯ ಹಲಗೆಗಳನ್ನ ಕತ್ತದ ಹುರಿಯಿಂದ ಹೊಲೀತಾ ಇದ್ದದ್ದೇ, ಮೊಳೆ ಇಲ್ಲದೆ. ನಾವು ಕತ್ತದ ಜಾಗಕ್ಕೆ ತಾಮ್ರದ ತಂತಿ, ಗೇರೆಣ್ಣೆ ಜಾಗಕ್ಕೆ ಎಪಾಕ್ಸಿ ಅನ್ನೋ ಎರಡು ದ್ರವ ಕಲಸಿ ಮಾಡೋ ಅಂಟು ಹಾಕ್ತೀವಿ, ಅಷ್ಟೇ ವ್ಯತ್ಯಾಸ.

ಪ್ಲಾನ್ ಮಾತ್ರ ಸ್ವಂತ ಮಾಡ್ಬೇಡಿ. ಮೊದಲ ದೋಣಿಗೆ ಗೊತ್ತಿರುವವರ ಡ್ರಾಯಿಂಗ್ ತಗೊಳ್ಳಿ, ಇಂಟರ್ನೆಟ್ಟಲ್ಲಿ ಫ್ರೀಯಾಗೂ ಸಿಗ್ತವೆ, ದುಡ್ಡು ಕೊಟ್ಟೂ ಸಿಗ್ತವೆ, ದುಡ್ಡು ಕೊಟ್ಟದ್ದು ಸಾಮಾನ್ಯ ಒಳ್ಳೇದು. ತಳ ಚಪ್ಪಟೆ ಇರಲಿ, ಮರಳಲ್ಲಿ ನೆಟ್ಟಗೆ ಕೂರ್ತದೆ, ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರಿನ ಗದ್ದೆ) ಪಕ್ಕದ ಅರ್ಧ ಅಡಿ ನೀರಲ್ಲೂ ಹೋಗ್ತದೆ. ಉದ್ದ 13ರಿಂದ 15 ಅಡಿ, ಅಗಲ 4 ಅಡಿ. ಸಣ್ಣದಾಯ್ತು ಅಂತ ಬೇಜಾರಾದ್ರೆ ಇದು ಕೇಳಿ, ಟೆಕ್ಸಾಸ್ 200 ಅಂತ ಒಂದು ವಾರ್ಷಿಕ ಯಾತ್ರೆ ಇದೆ, ಸುಮಾರು 200 ಮೈಲಿ, ಅದರಲ್ಲಿ ಪಡ್ಲ್ ಡಕ್ ಅನ್ನೋ 8 ಅಡಿಯ ಡಬ್ಬದಂಥ ದೋಣಿ ತಗೊಂಡು ಹೋದವರಿದ್ದಾರೆ. ನೋಡ್ಲಿಕ್ಕೆ ಥೇಟ್ ಕೋಳಿಗೂಡು.

ಪ್ಲೈವುಡ್ ಐಎಸ್ 710 ಮಾರ್ಕ್ ಇದ್ದದ್ದೇ ಆಗ್ಬೇಕು, ಅದು ಮೆರೈನ್ ಗ್ರೇಡ್. ಐಎಸ್ 303 ಅಂದ್ರೆ ಮನೆ ಕಪಾಟಿಗೆ. ಆದ್ರೆ ಮಾರ್ಕ್ ನೋಡಿ ನಂಬ್ಬೇಡಿ, ನಾನು ಮೊದಲ ಸಲ ತಂದದ್ದರ ಮೇಲೆ ಮಾರ್ಕ್ ಚಂದ ಇತ್ತು, ತುಂಡು ಕೊಯ್ದು ಕುಕ್ಕರಿಗೆ ಹಾಕಿ ಕುದಿಸಿದ್ರೆ ಸಂಜೆ ಹೊತ್ತಿಗೆ ಚಿರೋಟಿ ಪದರದ ಹಾಗೆ ಬಿಚ್ಕೊಂಡಿತ್ತು. ಐಎಸ್ 710 ಟೆಸ್ಟಲ್ಲಿ 72 ತಾಸು ಕುದಿಸಿದ್ರೂ ಬಿಡಬಾರ್ದು. ಮನೇಲಿ ಅಷ್ಟು ಗ್ಯಾಸ್ ಸುಡೋದು ಬೇಡ, ಎರಡು ದಿನ ನಾಲ್ಕು ನಾಲ್ಕು ತಾಸು ಕುದಿಸಿ ಮಧ್ಯ ಬಿಸಿಲಲ್ಲಿ ಒಣಗಿಸಿ, ಕೆಟ್ಟ ಮಾಲು ಅಷ್ಟರಲ್ಲೇ ಬಾಯಿ ಬಿಡ್ತದೆ. ಹಳೇ ಕುಕ್ಕರ್ ಉಪಯೋಗಿಸಿ, ವಾಸನೆ ಹೋಗೋದಿಲ್ಲ. ಅಂಚು ನೋಡಿ, ಒಳಪದರದಲ್ಲಿ ಸಂದು ಕಂಡ್ರೆ ಆ ಹಾಳೆ ಬಿಟ್ಟುಬಿಡಿ, ನಾಳೆ ನೀರು ಅಲ್ಲೇ ಕೂರೋದು.

8x4ರ 6 ಎಂಎಂ ಹಾಳೆ 11ರಿಂದ 13 ಕೆಜಿ ತೂಗ್ತದೆ, 4 ಎಂಎಂ ಎಂಟು ಕೆಜಿ ಚಿಲ್ಲರೆ. ತಳಕ್ಕೆ 6 ಎಂಎಂ ಎರಡು ಹಾಳೆ, ಬದಿಗೆ ಡೆಕ್ಕಿಗೆ 4 ಎಂಎಂ ಮೂರು ಹಾಳೆ ಅಂತ ಇಟ್ಕೊಂಡ್ರೆ ಹೆಚ್ಚುಕಡಿಮೆ 50 ಕೆಜಿ, ದೋಣಿ ಒಟ್ಟು ಆ ಮರಳಿನ ಚೀಲದ 75 ಕೆಜಿ ಮೀರಬಾರ್ದು ಅಂದ್ರೆ ಉಳಿದ 25ರಲ್ಲಿ ಅಂಟು, ಗ್ಲಾಸ್ ಫೈಬರ್ ಬಟ್ಟೆ, ರೀಪು, ಬಣ್ಣ ಎಲ್ಲಾ ಮುಗೀಬೇಕು. ಇಲ್ಲೇ ಜನ ತಪ್ಪು ಮಾಡೋದು. ಬಡಗಿಯವರು ಗಟ್ಟಿ ಇರ್ಲಿ ಅಂತ ಎರಡಿಂಚಿನ ಸಾಗವಾನಿ ರೀಪು ಹಾಕ್ತಾರೆ, ಫೈಬರ್ ಬೋಟಿನವರು ಇನ್ನೊಂದು ಪದರ ಗ್ಲಾಸ್ ಹಾಕಿ ಅಂತಾರೆ, ಎಲ್ಲರೂ ಪ್ರೀತಿಯಿಂದಲೇ ಹೇಳೋದು, ಕೊನೆಗೆ ದೋಣಿ 120 ಕೆಜಿ ಆಗಿ ಅಂಗಳದಲ್ಲೇ ತುಳಸಿಕಟ್ಟೆ ಪಕ್ಕ ಉಳೀತದೆ. ಯಾರು ಏನು ಹಾಕಿ ಅಂದ್ರೂ ತೂಕ ಎಷ್ಟು ಅಂತ ಕೇಳಿ.

ಹಾಳೆ ಎಂಟೇ ಅಡಿ, ದೋಣಿ 14 ಅಡಿ, ಹಾಗಾಗಿ ಜೋಡಿಸ್ಬೇಕು. ಚಂದದ ವಿಧಾನ ಅಂದ್ರೆ ಎರಡೂ ಅಂಚನ್ನ ಇಳಿಜಾರು ಹೆರೆದು ಒಂದರ ಮೇಲೊಂದು ಅಂಟಿಸೋದು, ಇಳಿಜಾರು ದಪ್ಪದ ಎಂಟು ಪಟ್ಟು, 6 ಎಂಎಂಗೆ 48 ಎಂಎಂ. ಕೀಸುಳಿ ಕೈಗೆ ಬರದಿದ್ರೆ ಎರಡನ್ನೂ ತಾಗಿಸಿಟ್ಟು ಒಳಗಿಂದ ಅದೇ ಪ್ಲೈನ ಪಟ್ಟಿ ಅಂಟಿಸಿ, ಯಾರೂ ಕೇಳೋದಿಲ್ಲ. ಆಮೇಲೆ ಅಂಚಿಂದ ಅರ್ಧ ಇಂಚು ಒಳಗೆ, ಆರಾರು ಇಂಚಿಗೆ ಒಂದು ತೂತು. ತಾಮ್ರದ ತಂತಿ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗ್ತದೆ. ಒಂದೊಂದೇ ತಿರುಚಿ ಬಿಗಿ ಮಾಡ್ತಾ ಹೋದ ಹಾಗೆ, ಅಂಗಳದಲ್ಲಿ ಚಪ್ಪಟೆ ಬಿದ್ದಿದ್ದ ಹಲಗೆಗಳು ಎದ್ದು ಮೂಗು ಹೊಟ್ಟೆ ಎಲ್ಲಾ ಬಂದು ದೋಣಿ ಆಗ್ತವಲ್ಲ, ಆ ಒಂದು ಮಧ್ಯಾಹ್ನಕ್ಕಾಗಿಯೇ ಇದನ್ನ ಕಟ್ಬಹುದು. ಖುಷಿಯಲ್ಲಿ ಅವತ್ತೇ ಅಂಟು ಹಚ್ಚಬೇಡಿ. ಮುಂದಿನ ತುದಿಯಿಂದ ಹಿಂದಿನ ಹಲಗೆವರೆಗೆ ದಾರ ಎಳೆದು, ಅಡ್ಡಕ್ಕೆ ಎರಡು ಕೋಲಿಟ್ಟು ಹಿಂದಿಂದ ಒಂದು ಕಣ್ಣು ಮುಚ್ಚಿ ನೋಡಿ, ಎರಡೂ ಕೋಲು ಒಂದೇ ಗೆರೆಯಲ್ಲಿ ಇಲ್ಲ ಅಂದ್ರೆ ದೋಣಿ ತಿರುಚಿದೆ ಅಂತ ಅರ್ಥ. ಅಂಟು ಹಚ್ಚಿದ ಮೇಲೆ ದೇವರೇ ಬಂದ್ರೂ ಸರಿ ಮಾಡ್ಲಿಕ್ಕಾಗೋದಿಲ್ಲ, ಜೀವನಪೂರ್ತಿ ಎಡಕ್ಕೇ ಎಳೀತದೆ.

ಎಪಾಕ್ಸಿ. ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ನಾನು ದುಡ್ಡು ಕಳ್ಕೊಂಡದ್ದು ಇಲ್ಲೇ. ಬಂದರದ ಹತ್ರ ಫೈಬರ್ ಕೆಲಸದವರು ಉಪಯೋಗಿಸೋದು ಪಾಲಿಯೆಸ್ಟರ್ ರೆಸಿನ್, ಅಗ್ಗ, ಆದ್ರೆ ಮರಕ್ಕೆ ಸರಿಯಾಗಿ ಹಿಡಿಯೋದಿಲ್ಲ, ವರ್ಷ ಕಳೆದ ಮೇಲೆ ಸಿಪ್ಪೆ ಏಳ್ತದೆ. ಮರಕ್ಕೆ ಎಪಾಕ್ಸಿನೇ. ಪಾಲಿಯೆಸ್ಟರಲ್ಲಿ ಹಾರ್ಡ್ನರ್, ಅಂದ್ರೆ ಗಟ್ಟಿ ಮಾಡೋ ದ್ರವ, ಸ್ವಲ್ಪ ಹೆಚ್ಚು ಹಾಕಿದ್ರೆ ಬೇಗ ಗಟ್ಟಿ ಆಗ್ತದೆ, ಆ ಅಭ್ಯಾಸ ಎಪಾಕ್ಸಿಗೆ ತಂದ್ರೆ ಕೆಲಸ ಕೆಟ್ಟಿತು. ಡಬ್ಬದ ಮೇಲೆ ಯಾವ ಅಳತೆ ಬರೆದಿದೆಯೋ ಅಷ್ಟೇ, ತೂಕದ ಅಳತೆನಾ ಲೀಟರ್ ಅಳತೆನಾ ನೋಡ್ಕೊಳ್ಳಿ, ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು. ಹೆಚ್ಚಾದ್ರೂ ಕಮ್ಮಿಯಾದ್ರೂ ಮೇಣದ ಹಾಗೆ ಮೆತ್ತಗೇ ಉಳೀತದೆ, ಆಮೇಲೆ ಕೆರೆದು ತೆಗೀಬೇಕು.

ನಾನು ಮೊದಲ ದಿನ ಅರ್ಧ ಕೆಜಿ ಒಟ್ಟಿಗೆ ಕಲಸಿದೆ. ಪ್ಲಾಸ್ಟಿಕ್ ಮಗ್ಗಲ್ಲಿ. ಕಾರವಾರದ ಸೆಕೆ, ಮಧ್ಯಾಹ್ನ ಎರಡು ಗಂಟೆ. ಬ್ರಷ್ ಹುಡುಕ್ಲಿಕ್ಕೆ ಒಳಗೆ ಹೋಗಿ ಬರೋದ್ರೊಳಗೆ ಮಗ್ಗು ಬಿಸಿ, ಹೊಗೆ ಏಳ್ತಾ ಇದೆ, ತಳ ಕರಗಿ ಸೊಟ್ಟಗಾಗಿದೆ, ಶಿರಸಿಯಿಂದ ಬಂದಿದ್ದ ಮಾವ ಜಗಲಿಯಲ್ಲಿ ಕವಳ ಹಾಕ್ತಾ ಕೂತಿದ್ದವರು "ನಿಂಗೆ ದೋಣಿ ಎಂತಕ್ಕೋ ತಮಾ" ಅಂತ ಒಂದೇ ಮಾತು ಕೇಳಿದ್ರು. ಎಪಾಕ್ಸಿ ಗಟ್ಟಿ ಆಗೋವಾಗ ತಾನೇ ಬಿಸಿ ಹುಟ್ಟಿಸ್ತದೆ, ಆಳ ಪಾತ್ರೆಯಲ್ಲಿ ಆ ಬಿಸಿ ಹೊರಗೆ ಹೋಗೋದಿಲ್ಲ, ಬಿಸಿ ಆದಷ್ಟೂ ಇನ್ನೂ ಬೇಗ ಗಟ್ಟಿ ಆಗ್ತದೆ. 150 ಗ್ರಾಮ್ ಮೀರಬೇಡಿ, ಕಲಸಿದ ಕೂಡ್ಲೇ ಅಗಲ ತಟ್ಟೆಗೆ ಸುರೀರಿ. ಡಿಸೆಂಬರಿಂದ ಫೆಬ್ರವರಿ ಒಳಗೆ ಈ ಕೆಲಸ ಮುಗಿಸಿ. ಹೊತ್ತು ಅಂದ್ರೆ ಸಂಜೆ ನಾಲ್ಕರ ಮೇಲೆ, ಬಿಸಿಲು ಇಳೀತಾ ಇರೋವಾಗ. ಬೆಳಿಗ್ಗೆ ಹಚ್ಚಿದ್ರೆ ಮರ ಕಾದು ಒಳಗಿನ ಗಾಳಿ ಹಿಗ್ಗಿ ಹೊರಗೆ ಬಂದು ಮೈತುಂಬ ಗುಳ್ಳೆ ಏಳ್ತದೆ. ಇಬ್ಬನಿ ಬೀಳೋ ಮುಂಚೆ ಮಾತ್ರ ಮುಚ್ಚಿಡಿ. ಮರುದಿನ ಮುಟ್ಟಿದ್ರೆ ಜಿಡ್ಡು ಜಿಡ್ಡು ಅನ್ಸಿದ್ರೆ ಗಾಬರಿ ಬೇಡ, ತೇವದ ಹವೆಗೆ ಹಾಗಾಗೋದು, ಸಾದಾ ನೀರು ಮತ್ತೆ ಪಾತ್ರೆ ತಿಕ್ಕೋ ಸ್ಕ್ರಬ್ಬರಲ್ಲಿ ತೊಳೆದು ಒಣಗಿಸಿ ಆಮೇಲೆ ಸ್ಯಾಂಡ್‌ಪೇಪರ್. ತೊಳೀದೆ ಉಜ್ಜಿದ್ರೆ ಜಿಡ್ಡು ಒಳಗೇ ಸೇರ್ತದೆ, ಮೇಲಿನ ಬಣ್ಣ ನಿಲ್ಲೋದಿಲ್ಲ. ಗ್ಲೌಸ್ ಹಾಕ್ಕೊಳ್ಳಿ, ಉಜ್ಜೋವಾಗ ಮಾಸ್ಕ್. ಕೆಲವರಿಗೆ ಎಪಾಕ್ಸಿ ಅಲರ್ಜಿ ಬಂದ್ರೆ ಮತ್ತೆ ಹೋಗೋದಿಲ್ಲ.

ಹದ ಮೂರು ಥರ, ನಮ್ಮ ಅಡುಗೆಮನೆ ಲೆಕ್ಕದಲ್ಲೇ ಹೇಳ್ತೀನಿ. ಮರಕ್ಕೆ ಬಳೀಲಿಕ್ಕೆ ಏನೂ ಸೇರಿಸ್ಬೇಡಿ, ತೆಳ್ಳೇವು ಹಿಟ್ಟಿನ ಹಾಗೆ ಓಡ್ಬೇಕು. ಎರಡು ಹಲಗೆ ಅಂಟಿಸ್ಲಿಕ್ಕೆ ಸಾಮಿಲ್ಲಿನ ನುಣ್ಣನೆ ಮರದ ಹಿಟ್ಟು ಜರಡಿ ಹಿಡಿದು ಸೇರಿಸಿ ಇಡ್ಲಿ ಹಿಟ್ಟಿನ ಹದ. ಒಳಮೂಲೆಗೆ ತುಂಬ್ಲಿಕ್ಕೆ ಹಲಸಿನ ಹಪ್ಪಳದ ಹಿಟ್ಟಿನ ಹಾಗೆ, ಚಮಚ ಎತ್ತಿದ್ರೆ ಮುದ್ದೆ ಬೀಳಬಾರ್ದು, ಹಾಗೇ ನಿಲ್ಬೇಕು. ಈ ಗಟ್ಟಿ ಹಿಟ್ಟನ್ನ ತಂತಿಗಳ ನಡುವೆ ಮೂಲೆಗೆ ಒತ್ತಿ, ದೊಡ್ಡ ಚಮಚದ ಬೆನ್ನಲ್ಲಿ ಒಂದೇ ಎಳೆತಕ್ಕೆ ಎಳೆದ್ರೆ ಗುಂಡನೆ ಗೆರೆ ಬರ್ತದೆ. ಗಟ್ಟಿ ಆದ ಮೇಲೆ ತಂತಿ ಕಿತ್ತು, ತೂತು ತುಂಬಿ, ಮೇಲಿಂದ ಮೂರಿಂಚಿನ ಗ್ಲಾಸ್ ಟೇಪ್. ಹೊರಗೆ ತಳಕ್ಕೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಮ್) ನೇಯ್ದ ಗ್ಲಾಸ್ ಬಟ್ಟೆ ಒಂದು ಪದರ. ಚಾಪೆ ಥರದ ಮ್ಯಾಟ್ ತರ್ಬೇಡಿ, ಅದರ ಎಳೆ ಹಿಡಿದಿಡೋ ಅಂಟು ಪಾಲಿಯೆಸ್ಟರಲ್ಲಿ ಕರಗ್ಲಿಕ್ಕೆ ಮಾಡಿದ್ದು. ಜರಡಿ ವಾಪಸ್ ಅಡುಗೆಮನೆಗೆ ಹೋಗೋ ಹಾಗಿಲ್ಲ, ಹೊಸದು ತಂದ್ಕೊಡಿ.

ಕೊನೆಗೆ ಬಣ್ಣ. ಬಿಸಿಲಿಗೆ ಎಪಾಕ್ಸಿ ಹಾಳಾಗ್ತದೆ, ಹಾಗಾಗಿ ಪೇಂಟ್ ಬೇಕೇ ಬೇಕು. ಕಿತ್ತಳೆ ಅಥವಾ ಹಳದಿ ಬಳೀರಿ, ಟ್ರಾಲ್ ಬೋಟಿನವರಿಗೆ ದೂರದಿಂದ ಕಾಣ್ಬೇಕು.

ಹಾಯಿಗೆ ಬಟ್ಟೆ ಹುಡುಕ್ತಾ ಮುಂಬೈಗೆ ಹೋಗೋದು ಬೇಡ. ಅಡಿಕೆ ಅಂಗಳಕ್ಕೆ ಹಾಸೋ ಟಾರ್ಪಾಲು ಶಿರಸಿಯಲ್ಲಿ ಬೇಕಾದ ಸೈಜಿಗೆ ಸಿಗ್ತದೆ, ಎರಡು ಸೀಸನ್ ಬಾಳ್ತದೆ. 60 ಚದರ ಅಡಿ ಸಾಕು. ಸೀಟ್ ಕವರ್ ಹೊಲಿಯುವವರ ಹತ್ರ ಅಂಚು ಮಡಚಿ ಹೊಲಿಸಿ. ಮೇಲಿನ ಕೋಲು ಬಿದಿರು. ಕಂಬ ಗಾಳಿಮರದ್ದು ಮಾಡಿದೆ, ಭಾರ ಆಯ್ತು, ಸೀಳು ಬೇರೆ ಬಿಟ್ಟಿತು, ಈಗ ಅಲ್ಯುಮಿನಿಯಂ ಪೈಪು. ಗಾಳಿ ಜೋರಾದ್ರೆ ಹಾಯಿ ಅರ್ಧ ಮಡಚ್ಲಿಕ್ಕೆ ಕಟ್ಟುಗಳು ಮೊದಲೇ ಹೊಲಿದಿರಲಿ, ನೀರಿನ ಮೇಲೆ ಬಿಳಿ ನೊರೆ ಕಾಣ್ಲಿಕ್ಕೆ ಶುರುವಾದ್ರೆ ಮಡಚೋದೇ, ಚರ್ಚೆ ಇಲ್ಲ. ಹಾಯಿ ಎಷ್ಟೇ ಚಂದ ಇದ್ರೂ ಎರಡು ಹುಟ್ಟು ಬಿಟ್ಟು ಹೊರಡ್ಬೇಡಿ, ಅರ್ಧ ದಾರಿ ಹುಟ್ಟು ಹಾಕೋದೇ ಇರ್ತದೆ.

ನೀರಿಗಿಳಿಸಿದ ಮೊದಲ ತಿಂಗಳು ಕಾಳಿ ನದಿ ಬಿಟ್ಟು ಹೊರಗೆ ಹೋಗ್ಬೇಡಿ. ಸುಂಕೇರಿ ಕಡೆ ಎದೆಮಟ್ಟ ನೀರಲ್ಲಿ, ಸೆಳೆತ ಇಲ್ಲದ ಹೊತ್ತಲ್ಲಿ, ಲೈಫ್ ಜಾಕೆಟ್ ಹಾಕ್ಕೊಂಡು ಬೇಕಂತಲೇ ದೋಣಿ ಮಗುಚಿ. ಎತ್ತಿ ನೆಟ್ಟಗೆ ಮಾಡಿ, ಹತ್ತಿ, ಬಕೆಟಲ್ಲಿ ನೀರು ತೋಡಿ. ಹತ್ತು ಸಲ. ಮುಂದೆ ಹಿಂದೆ ಮುಚ್ಚಿದ ಕೋಣೆ ಮಾಡಿ ಒಳಗೆ ಮುಚ್ಚಳ ಬಿಗಿದ ಖಾಲಿ ಕೋಲ್ಡ್ರಿಂಕ್ಸ್ ಬಾಟಲಿ ತುಂಬಿದ್ರೆ ದೋಣಿ ನೀರು ತುಂಬಿದ್ರೂ ಮುಳುಗೋದಿಲ್ಲ. ಬಕೆಟ್ ಹಗ್ಗದಲ್ಲಿ ಕಟ್ಟಿರಲಿ, ನಂದು ಮೊದಲ ಸಲವೇ ಕದವಾಡ ಕಡೆ ತೇಲಿ ಹೋಯ್ತು. ಲೈಫ್ ಜಾಕೆಟ್ ಬಗ್ಗೆ ಈ ಊರಲ್ಲಿ ಬಿಡಿಸಿ ಹೇಳೋದು ಬೇಡ. 2019ರ ಜನವರಿ 21ಕ್ಕೆ ಕೂರ್ಮಗಡ ಜಾತ್ರೆಯಿಂದ ಬರೋ ದೋಣಿ ಮಗುಚಿ 16 ಜನ ಹೋದ್ರು, ದಂಡೆ ಕಾಣ್ತಾ ಇದ್ದ ಜಾಗ.

ಈಗ ದಾರಿ. ಕಾರವಾರದಿಂದಲೇ ಹೊರಡ್ಬೇಕು ಅಂತ ಎಲ್ಲರಿಗೂ ಆಸೆ, ನಂಗೂ ಇತ್ತು. ಬಿಟ್ಬಿಡಿ. ಬಿಣಗಾದಿಂದ ದಕ್ಷಿಣಕ್ಕೆ ಅರ್ಗಾ, ಅಮದಳ್ಳಿ ಕಡೆಯೆಲ್ಲಾ ನೌಕಾನೆಲೆ, ಅಂಜುದೀವ್ ದ್ವೀಪ ಸೇರಿ. ಆ ನೀರಲ್ಲಿ ಕಿತ್ತಳೆ ದೋಣಿಯಲ್ಲಿ ಟಾರ್ಪಾಲು ಹಾಯಿ ಕಟ್ಕೊಂಡು ತೇಲಿದ್ರೆ ಭಟ್ಕಳ ಅಲ್ಲ, ಬೇರೆ ಕಡೆ ಕೂತು ಉತ್ತರ ಹೇಳ್ಬೇಕಾಗ್ತದೆ. ದೋಣಿಯನ್ನ ಗಾಡಿಯಲ್ಲಿ ಬೇಲೇಕೇರಿಗೆ ಒಯ್ದು ಅಲ್ಲಿಂದ ಶುರು ಮಾಡಿ. ಎರಡು ದಿನ ಮುಂಚೆ ಕರಾವಳಿ ಕಾವಲು ಪೊಲೀಸರಿಗೆ ಯಾರು ಯಾರು, ದೋಣಿ ಬಣ್ಣ ಏನು, ಯಾವ ದಿನ ಎಲ್ಲಿ ಅಂತ ಬರೆದು ಕೊಟ್ಟು, ಆಧಾರ್ ಜೊತೇಲೇ ಇಟ್ಕೊಳ್ಳಿ. ಬಂದರು ಇಲಾಖೆಯಲ್ಲೂ ಕೇಳಿ. ಕೋಸ್ಟ್ ಗಾರ್ಡ್ ಎಮರ್ಜೆನ್ಸಿ ನಂಬರ್ 1554, ದೋಣಿ ಒಳಗೇ ಪೇಂಟಲ್ಲಿ ಬರೆದಿಡಿ.

ಫಾರಿನ್ ರೇಸಿನ ವಿಡಿಯೋ ನೋಡಿ ಸ್ಯಾಟಲೈಟ್ ಟ್ರ್ಯಾಕರ್ ತರಿಸ್ಬೇಡಿ. ಅಲ್ಲಿ ಅದು ಕಡ್ಡಾಯ, ಇಲ್ಲಿ ಪರ್ಮಿಷನ್ ಇಲ್ಲದೆ ಇಟ್ಕೊಂಡ್ರೆ ಕೇಸು. ದಂಡೆಯಿಂದ ಎರಡು ಕಿಲೋಮೀಟರ್ ಒಳಗಿದ್ರೆ ಮೊಬೈಲ್ ಬಹುತೇಕ ಸಿಗ್ತದೆ, ನೀರು ಹೋಗದ ಪೌಚ್, ಎರಡು ಕಂಪನಿ ಸಿಮ್, ಪವರ್ ಬ್ಯಾಂಕ್. ಜಿಪಿಎಸ್‌ಗೆ ನೆಟ್ವರ್ಕ್ ಬೇಡ, ಮ್ಯಾಪ್ ಮಾತ್ರ ಮನೇಲೇ ಇಳಿಸ್ಕೊಳ್ಳಿ. ಸೀಟಿ, ಟಾರ್ಚ್, ಲಂಗರು, 30 ಮೀಟರ್ ಹಗ್ಗ, ಕುಡಿಯೋ ನೀರು ತಲೆಗೆ ದಿನಕ್ಕೆ ಐದು ಲೀಟರ್. ತಿನ್ನೋದು ನಿಮ್ಮಿಷ್ಟ, ನಾನು ಅವಲಕ್ಕಿ ಬೆಲ್ಲ.

ಕಾಲ ಡಿಸೆಂಬರ್, ಜನವರಿ. ಬೆಳಗಿನ ಜಾವ ಘಟ್ಟದ ಕಡೆಯಿಂದ ಮೂಡುಗಾಳಿ, ತೆಳ್ಳಗೆ, ಸಮುದ್ರ ತಟ್ಟೆಯ ಹಾಗೆ. ಹತ್ತು ಹನ್ನೊಂದಕ್ಕೆ ನಿಲ್ತದೆ, ಅರ್ಧ ತಾಸು ಏನೂ ಇಲ್ಲ, ಆಮೇಲೆ ವಾಯವ್ಯದಿಂದ ಕಡಲಗಾಳಿ ಶುರು, ಮಧ್ಯಾಹ್ನ ಏರ್ತಾ ಹೋಗ್ತದೆ. ಉತ್ತರದಿಂದ ದಕ್ಷಿಣಕ್ಕೆ ಹೋಗೋದು ಅದಕ್ಕೇ, ಗಾಳಿ ಬೆನ್ನಿಗೆ. ಬೆಳಿಗ್ಗೆ ಆರಕ್ಕೆ ಹೊರಟು ಒಂದೂವರೆಗೆಲ್ಲಾ ದಂಡೆ ಹತ್ತಿಬಿಡಿ. ಗಂಟೆಗೆ ಐದು ಕಿಲೋಮೀಟರ್ ಅಂತ ಹಿಡೀರಿ, ಅದಕ್ಕಿಂತ ಹೆಚ್ಚು ಹಿಡಿದವರೆಲ್ಲಾ ಕತ್ತಲಲ್ಲಿ ಸಿಕ್ಕಾಕೊಂಡಿದ್ದಾರೆ. ಬೇಲೇಕೇರಿಯಿಂದ ತದಡಿ 23 ಕಿಲೋಮೀಟರ್ ಹತ್ರ, ತದಡಿಯಿಂದ ಹೊನ್ನಾವರ 28, ಅಲ್ಲಿಂದ ಮುರ್ಡೇಶ್ವರ 22, ಭಟ್ಕಳ ಇನ್ನೊಂದು 15. ಗೋಕರ್ಣದ ಓಂ ಬೀಚ್, ಪ್ಯಾರಡೈಸ್ ಬೀಚ್ ಹತ್ರ ಬಂಡೆಗೆ ಬಡಿದು ವಾಪಸ್ ಬರೋ ತೆರೆ ನೀರನ್ನ ಕುದಿಸ್ತಾ ಇರ್ತದೆ, ಫೋಟೋ ಆಸೆಗೆ ಹತ್ರ ಹೋಗ್ಬೇಡಿ, ಒಂದು ಕಿಲೋಮೀಟರ್ ಹೊರಗೇ ಇರಿ. ನೇತ್ರಾಣಿ ದ್ವೀಪ ಕಂಡ್ರೆ ಕಾಣ್ಲಿ, ಅದು ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರ. ಬಾವುಟ ಕಟ್ಟಿದ ತೇಲುಬುರುಡೆ ಕಂಡ್ರೆ ಕೆಳಗೆ ಬಲೆ ಇದೆ, ಸುತ್ತಿ ಹೋಗಿ, ಇನ್ನೊಬ್ಬರ ಅನ್ನ ಅದು. ಮಳೆಗಾಲದ ಮಾತೇ ಬೇಡ, ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೇ ದಕ್ಕೆಯಲ್ಲಿ ಕಟ್ಟಿಹಾಕಿರ್ತವೆ.

ನಿಜವಾದ ಅಪಾಯ ಹೊರ ಸಮುದ್ರದಲ್ಲಿಲ್ಲ, ಅಳಿವೆಯಲ್ಲಿ. ಇಳಿತದಲ್ಲಿ ಹೊಳೆ ನೀರು ಹೊರಗೆ ನುಗ್ತಾ ಇರ್ತದೆ, ಸಮುದ್ರದ ತೆರೆ ಒಳಗೆ ಬರ್ತದೆ, ಎರಡೂ ಮರಳು ದಿಬ್ಬದ ಮೇಲೆ ಸೇರಿ ತೆರೆ ಎದ್ದು ನಿಂತು ಒಡೀತದೆ. ಭರತ ಏರ್ತಾ ಇರೋವಾಗ ಮಾತ್ರ ಒಳಗೆ ಬನ್ನಿ. ದಿನ ಆರಿಸೋವಾಗ ಪಂಚಾಂಗ ನೋಡಿ, ಅಮಾವಾಸ್ಯೆ ಹುಣ್ಣಿಮೆ ಬಿಟ್ಟು ಅಷ್ಟಮಿ ಆಚೀಚೆ ಹೊರಟ್ರೆ ಸೆಳೆತ ಕಮ್ಮಿ. ನಾನು ತದಡಿ ಅಳಿವೆಗೆ ಬಂದಾಗ ಇಳಿತ ಇನ್ನೂ ಮುಗಿದಿರ್ಲಿಲ್ಲ, ಹೊಟ್ಟೆ ಹಸೀತಾ ಇತ್ತು, ನುಗ್ಗೋಣ ಅಂತ ಹಾಯಿ ಸರಿ ಮಾಡ್ತಾ ಇದ್ದೆ. ಪಕ್ಕದಲ್ಲಿ ಪಾತಿ ದೋಣಿಯಲ್ಲಿ ಬಲೆ ಬಿಡಿಸ್ತಾ ಇದ್ದ ಅಜ್ಜ ಕೂಗಿದ.

"ಎಲ್ಲಿಂದ ಬಂದದ್ದೋ?"

"ಬೇಲೇಕೇರಿಂದ ಅಜ್ಜಾ, ಒಳಗೆ ಹೋಗ್ಬೇಕು."

"ಹೋಗುಕೆ ಆಗೂದಿಲ್ಲ ಈಗ. ಲಂಗರು ಹಾಕು, ತೆರೆ ಎಣಿಸು."

ಎಣಿಸಿದೆ. ನಾಲ್ಕೈದು ಸಣ್ಣವು, ಆಮೇಲೆ ಮೂರು ದೊಡ್ಡವು ಸಾಲಾಗಿ, ಮೂರನೇದು ದಿಬ್ಬದ ಮೇಲೆ ನನ್ನ ಕಂಬದರ್ಧ ಎತ್ತರ ಎದ್ದು ಮುರಿದು ಬಿತ್ತು. ನಾನು ಹಾಯಿ ಸರಿ ಮಾಡ್ತಾ ಇದ್ದದ್ದು ಸಣ್ಣವು ಬರ್ತಾ ಇದ್ದಾಗ. ಎರಡು ತಾಸು ಕೂತ್ವಿ, ಅಜ್ಜ ಬೀಡಿ ಸೇದ್ತಾ, ನಾನು ಅವಲಕ್ಕಿ ತಿಂತಾ. ನೀರು ತಿರುಗಿದ ಮೇಲೆ ಅವನು ಮುಂದೆ, ಅವನ ಹಿಂದೆಯೇ ನಾನು, ಹಾಯಿ ಇಳಿಸಿ ಬರೀ ಹುಟ್ಟಲ್ಲಿ, ದೊಡ್ಡ ಮೂರು ದಾಟಿದ ಕೂಡ್ಲೇ. ಹೊನ್ನಾವರದಲ್ಲಿ ಶರಾವತಿ ಅಳಿವೆಯ ಮರಳು ವರ್ಷ ವರ್ಷ ಜಾಗ ಬದಲಿಸ್ತದೆ, ಹೋದ ವರ್ಷದ ಮ್ಯಾಪ್ ಕೆಲಸಕ್ಕೆ ಬರೋದಿಲ್ಲ, ಒಳಗೆ ಹೋಗೋ ಗಿಲ್‌ನೆಟ್ ದೋಣಿಗೆ ಕಾದು ಅದರ ಬೆನ್ನು ಹಿಡೀರಿ. ಅನುಮಾನ ಬಂದ್ರೆ ಅಳಿವೆಯೇ ಬೇಡ, ತೆರೆ ಸಣ್ಣ ಇರೋ ಬೀಚು ನೋಡಿ ದಂಡೆಗೆ ಏರಿಸಿ, 75 ಕೆಜಿಯ ದೋಣಿ ಕಟ್ಟಿದ್ದು ಇದಕ್ಕೇ. ಎರಡು ಅಡಿಕೆ ಮರದ ತುಂಡು ಅಡಿಗೆ ಕೊಟ್ಟು ಉರುಳಿಸ್ತಾ ಎಳೆದ್ರೆ ಒಬ್ಬರಿಗೇ ಆಗ್ತದೆ.

ಭಟ್ಕಳದಿಂದ ವಾಪಸ್ ಗಾಳಿ ಎದುರು ಬರ್ಲಿಕ್ಕಾಗೋದಿಲ್ಲ, ಗಾಡಿ ಮೊದಲೇ ಹೇಳಿಡಿ. ಬಂದರದಲ್ಲಿ ಖಾಲಿ ಹೋಗೋ ಮೀನು ಗಾಡಿ ಸಿಕ್ಕಿದ್ರೆ ಅಗ್ಗ, ಆದ್ರೆ ಮೂರು ವಾರ ದೋಣಿ ಬಂಗಡೆ ವಾಸನೆ ಹೊಡೀತದೆ. ಮನೆಗೆ ಬಂದ ದಿನವೇ ಸಿಹಿನೀರಲ್ಲಿ ತೊಳೆದು, ಕೋಣೆಗಳ ಮುಚ್ಚಳ ತೆಗೆದು, ಬೋರಲು ಹಾಕಿ ನೆರಳಲ್ಲಿಡಿ. ತಳದ ಗ್ಲಾಸ್ ಬಟ್ಟೆ ಮರಳಿಗೆ ಎಲ್ಲಿ ತೇದಿದೆ ನೋಡಿ ಪೆನ್ಸಿಲಲ್ಲಿ ಗುರುತು ಹಾಕ್ಕೊಳ್ಳಿ. ನಂದು ಹಿಂದಿನ ಎಡಮೂಲೆಯಲ್ಲಿ ಅಂಗೈಯಷ್ಟು ಹೋಗಿದೆ, ಸಂಜೆ ನಾಲ್ಕರ ಮೇಲೆ 100 ಗ್ರಾಮ್ ಕಲಸಿ ಹಚ್ಬೇಕು.